ಮಂಗಳವಾರದ ಸಕ್ಕರೆ

ಕೃಷ್ಣರಾಜನಗರ ತಾಲ್ಲೂಕು
13-8-2024, ಮಂಗಳವಾರ

ಚಿರಂಜೀವಿ ಶಾಂಭವಿಗೆ ನಿನ್ನ ಅಪ್ಪ ಚಿಕ್ಕಬಸಪ್ಪನ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಶುರುಮಾಡಿ ಎರಡು ಹಾಳೆ ಹರಿದು ಹಾಕಿದೆ. ಸುಳ್ಳು ಬರೆಯಲು ಕೈ ಬರಲಿಲ್ಲ. ನಿನ್ನ ಅವ್ವ ಮನೆ ಬಿಟ್ಟು ಇವತ್ತಿಗೆ ಮೂರು ವಾರ. ಬಿಳಿಕೆರೆಯಲ್ಲಿ ತನ್ನ ತಂಗಿ ಮಲ್ಲಾಜಮ್ಮನ ಮನೆಯಲ್ಲಿದ್ದಾಳೆ. ತಂಗಿಗೆ ಹುಷಾರಿಲ್ಲ, ನೋಡಿಕೊಳ್ಳಲು ಬಂದಿದ್ದೇನೆ ಎಂದು ನಿನಗೆ ಫೋನಿನಲ್ಲಿ ಹೇಳಿದ್ದಾಳಂತೆ. ಮಲ್ಲಾಜಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ನಲವತ್ತು ವರ್ಷ ಗಾಣದ ಪಕ್ಕ ನಿಂತು ನನ್ನ ಕಿವಿ ಹೋಯಿತು, ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಲಾರೆ. ನಿನ್ನ ಅಣ್ಣ ಮಹದೇವಪ್ರಸಾದನ ಕೈಯಲ್ಲಿ ಹೇಳಿಸಿದರೆ ಅವನು ಅರ್ಧ ನುಂಗುತ್ತಾನೆ. ಅದಕ್ಕೇ ಈ ಪತ್ರ.

ನಡೆದದ್ದು ಇಷ್ಟು. ಅವಳ ಸೋಮವಾರದ ಒಪ್ಪತ್ತು ನಿನಗೆ ಗೊತ್ತು. ಮಧ್ಯಾಹ್ನ ಒಂದು ಊಟ, ಆಮೇಲೆ ನೀರು ಬಿಟ್ಟು ಏನೂ ಇಲ್ಲ. ಮಾರನೆಯ ದಿನ ಬೆಳಿಗ್ಗೆ ಬೆರಳು ಚುಚ್ಚಿ ಮಿಷಿನ್ನಿನಲ್ಲಿ ನೋಡಿದರೆ ರಕ್ತದ ಸಕ್ಕರೆ ಇಳಿದಿರಬೇಕು ತಾನೆ? ಪ್ರತಿ ಮಂಗಳವಾರ ಏರಿಯೇ ಇರುತ್ತದೆ. ಶಿವರಾತ್ರಿಯ ನಂತರ ಬೆಲ್ಲ ಇಡುವ ಉಗ್ರಾಣಕ್ಕೆ ಬೀಗ ಬಿತ್ತು. ಆದರೂ ಇಳಿಯಲಿಲ್ಲ. ಹಾಗಾದರೆ ಆಲೆಮನೆಯಲ್ಲಿ ಪಾಕ ನೋಡುವ ನೆಪದಲ್ಲಿ ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದು ನಾನು ತೀರ್ಮಾನಿಸಿದೆ. ಆ ಮಂಗಳವಾರ ಇನ್ನೂರ ನಾಲ್ಕು ಬಂತು. ಕೊಪ್ಪರಿಗೆಯ ಮುಂದೆ ನಿಂತಿದ್ದವಳಿಗೆ, ಆಳುಗಳೆಲ್ಲ ಇದ್ದಾಗಲೇ, "ಒಪ್ಪತ್ತು ಅಂತ ಶಿವನ್ಗೂ ಟೋಪಿ ಹಾಕ್ತೀಯಲ್ಲ, ನಾಳೆಯಿಂದ ಈ ಕಡೀಕ್ ಬರ್ಬ್ಯಾಡ" ಅಂದೆ.

ಅವಳು ಬಕೆಟ್ಟಿನ ನೀರಿನಲ್ಲಿ ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಹನ್ನೊಂದರ ಬಸ್ಸಿಗೆ ಹೋದಳು. ಒಲೆಗೆ ಉರಿ ಹಾಕುವ ಚೆಲುವಯ್ಯ ಆವತ್ತಿನಿಂದ ನನ್ನ ಮುಖ ನೋಡಿ ಮಾತಾಡುವುದಿಲ್ಲ.

ನೀನು ಲಿವರ್ ಮತ್ತು ಸಕ್ಕರೆಯ ಮೇಲೇ ಓದುತ್ತಿರುವವಳು. ಬಾಯಿಗೆ ಏನೂ ಹಾಕಿಕೊಳ್ಳದೆ ರಕ್ತದಲ್ಲಿ ಸಕ್ಕರೆ ಏರುತ್ತದೆಯೇ? ಒಂದು ಮಾತಿನಲ್ಲಿ ಬರೆ. ಉಗ್ರಾಣದ ಇನ್ನೊಂದು ಕೀಲಿ ನಿನ್ನ ಹತ್ತಿರ ಇದೆಯಲ್ಲ, ಜೋಪಾನ.

ಇಂತಿ ನಿನ್ನ ಅಪ್ಪ
ಚಿಕ್ಕಬಸಪ್ಪ


ಹೈದರಾಬಾದ್
25-8-2024

ಪೂಜ್ಯ ಅಪ್ಪನಿಗೆ ಶಾಂಭವಿಯ ನಮಸ್ಕಾರ.

ಒಂದು ಮಾತಿನಲ್ಲಿ: ಏರುತ್ತದೆ.

ಇನ್ನು ಉಳಿದ ಮಾತು. ಹೊಟ್ಟೆಗೆ ಏನೂ ಬೀಳದ ಹೊತ್ತಿನಲ್ಲೂ ಮಿದುಳಿಗೆ ಸಕ್ಕರೆ ಬೇಕು. ಆಗ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ನಿಮ್ಮಲ್ಲೂ ಹೀಗೇ, ನನ್ನಲ್ಲೂ ಹೀಗೇ. ನಮ್ಮ ಲಿವರ್ ಸಾಕು ಅಂದಾಗ ನಿಲ್ಲಿಸುತ್ತದೆ. ಸಕ್ಕರೆ ಕಾಯಿಲೆಯವರ ಲಿವರ್‌ಗೆ ಆ "ಸಾಕು" ಸರಿಯಾಗಿ ಕೇಳಿಸುವುದಿಲ್ಲ, ನಿಮಗೆ ಫೋನು ಕೇಳಿಸದ ಹಾಗೆ. ಅದು ಬೆಳಗಿನವರೆಗೂ ತಯಾರಿಸುತ್ತಲೇ ಇರುತ್ತದೆ.

ನನ್ನ ಕೆಲಸ ಇರುವುದು ಆ ತಯಾರಿಕೆಯ ಒಂದು ಹಂತದಲ್ಲಿ. ಅಲ್ಲಿ ಒಂದು ಕಿಣ್ವ ಇದೆ. ಒಂದೇ ಕೆಲಸ ಗೊತ್ತಿರುವ ಆಳು ಅಂದುಕೊಳ್ಳಿ. ಎರಡು ತುದಿಯಲ್ಲೂ ಫಾಸ್ಫೇಟ್ ಅಂಟಿಸಿಕೊಂಡ ಒಂದು ಸಕ್ಕರೆ ಅವನ ಕೈಗೆ ಬರುತ್ತದೆ, ಅದರಿಂದ ಒಂದು ಫಾಸ್ಫೇಟನ್ನು ಕತ್ತರಿಸಿ ಮುಂದಕ್ಕೆ ಕಳಿಸುತ್ತಾನೆ. ಅವನು ಕೈ ಕಟ್ಟಿ ಕೂತರೆ ಹೊಸ ಸಕ್ಕರೆ ಹುಟ್ಟುವುದು ಕಡಿಮೆಯಾಗುತ್ತದೆ. ಅವನನ್ನು ನೇರವಾಗಿ ಹಿಡಿಯಲು ಹೋದವರು ಸೋತಿದ್ದಾರೆ. ಅವನು ಸಕ್ಕರೆ ಹಿಡಿಯುವ ಬಾಯಿಗೆ ಹೊಂದುವಂಥ ವಸ್ತು ಜೀವಕೋಶದ ಒಳಕ್ಕೇ ಹೋಗಲೊಲ್ಲದು.

ಆದರೆ ಪಕ್ಕದಲ್ಲಿ ಒಂದು ಸಂದಿ ಇದೆ. ಈ ಕಿಣ್ವ ಒಂದೇ ಥರದ ನಾಲ್ಕು ತುಂಡು ಸೇರಿ ಆಗಿರುವುದು, ನಾಲ್ಕರಲ್ಲೂ ಆ ಸಂದಿ ಇದೆ. ಕೋಶದಲ್ಲಿ ಕಸುವು ಕಡಿಮೆಯಾದಾಗ ದೇಹದ್ದೇ ಒಂದು ಸಣ್ಣ ಅಣು ಅಲ್ಲಿ ಬಂದು ಕೂರುತ್ತದೆ. ಕೂತರೆ ನಾಲ್ಕೂ ತುಂಡು ಸ್ವಲ್ಪ ತಿರುಗಿ ನಿಲ್ಲುತ್ತವೆ, ಕೆಲಸ ನಿಲ್ಲುತ್ತದೆ. ಗಾಣದ ಬಾಯಿಗೆ ಏನೂ ತುರುಕಬೇಕಿಲ್ಲ, ಹಲ್ಲುಚಕ್ರದ ನಡುವೆ ಒಂದು ಚಕ್ಕೆ ಸಿಕ್ಕಿಕೊಂಡರೂ ರೋಲರು ನಿಲ್ಲುತ್ತದಲ್ಲ, ಹಾಗೆ. ಆ ಚಕ್ಕೆ ಯಾವುದು ಎಂದು ಹುಡುಕುವುದೇ ನನ್ನ ನಾಲ್ಕು ವರ್ಷದ ಉದ್ಯೋಗ.

ಹದಿಮೂರು ವಸ್ತು ನೋಡಿದ್ದೇನೆ. ಕಿಣ್ವದ ಹರಳು ಬೆಳೆಸುವುದು, ಅದನ್ನು ವಸ್ತುವಿನಲ್ಲಿ ನೆನೆಸುವುದು, ಎಕ್ಸ್-ರೇ ಹಿಡಿಯುವುದು, ಸಂದಿಯಲ್ಲಿ ಯಾರಾದರೂ ಕೂತಿದ್ದಾರೆಯೇ ನೋಡುವುದು. ಹದಿಮೂರು ಸಲವೂ ಸಂದಿ ಖಾಲಿ. ಜೊತೆಯವರು ಒಬ್ಬೊಬ್ಬರಾಗಿ ಥೀಸಿಸ್ ಮುಗಿಸಿ ಹೋದರು. ಹಾಸ್ಟೆಲಿನ ಅಡುಗೆಯವರು ಮಾತ್ರ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಸುಸ್ತಾಗಿದೆ ಅಪ್ಪ.

ಅವ್ವನನ್ನು ಕರೆದುಕೊಂಡು ಬನ್ನಿ.

ನಿಮ್ಮ ಮಗಳು
ಶಾಂಭವಿ


ಕೃಷ್ಣರಾಜನಗರ ತಾಲ್ಲೂಕು
9-9-2024

ಚಿ. ಶಾಂಭವಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮನುಷ್ಯರ ಲಿವರ್ ನಿಮಗೆ ಎಲ್ಲಿಂದ ಬರುತ್ತದೆ, ಯಾರು ಕೊಡುತ್ತಾರೆ, ಅದನ್ನು ಮುಟ್ಟಿದ ಕೈಯಲ್ಲೇ ಊಟ ಮಾಡುತ್ತೀಯೋ ಎಂದು ಬೃಂದಾ ಕೇಳುತ್ತಿದ್ದಾಳೆ. ನಿನ್ನ ಅತ್ತಿಗೆಗೆ ಉತ್ತರ ಬರೆ, ಇಲ್ಲದಿದ್ದರೆ ನೀನು ಬಂದಾಗ ನಿನ್ನ ತಟ್ಟೆ ಬೇರೆ ಇಡುತ್ತಾಳೆ.

ಹಬ್ಬ ಸಪ್ಪೆಯಾಯಿತು. ಗೌರಿ ಬಾಗಿನಕ್ಕೂ ನಿನ್ನ ಅವ್ವ ಬರಲಿಲ್ಲ. ಮಹದೇವಪ್ರಸಾದ ಕರೆಯಲು ಹೋಗಿದ್ದ, ಹುರುಳಿ ಸಾರು ಉಂಡು ಬಂದ. ಆಲೆಮನೆಯ ವಿಷಯ ಕೇಳಬೇಡ. ಪಾಕ ನೋಡಲು ಮೂರು ಜನರನ್ನು ಕೂರಿಸಿದೆ. ಒಬ್ಬ ಬೇಗ ಇಳಿಸಿದ, ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಜೋಲು ಬಿದ್ದಿತು. ಇನ್ನೊಬ್ಬ ತಡ ಮಾಡಿದ, ಕರಿ ಹತ್ತಿತು. ಅವಳು ನೀರಿನ ಬೋಗುಣಿಗೆ ಒಂದು ತೊಟ್ಟು ಬಿಟ್ಟು, ಎರಡು ಬೆರಳಲ್ಲಿ ಉರುಳಿಸಿ, "ಊ, ಇಳ್ಸಿ" ಅನ್ನುತ್ತಿದ್ದಳು. ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆಯೇ ಎಂದು ಚೆಲುವಯ್ಯ ಮೊನ್ನೆ ಕೇಳಿದ. ನೋಡಿಲ್ಲ ಅಂದೆ. "ಮತ್ಯಾಕ್ ಅಂದ್ರಿ?" ಅಂದ. ನಲವತ್ತು ವರ್ಷದಲ್ಲಿ ಆ ಮನುಷ್ಯ ನನಗೆ ಎದುರಾಡಿದ್ದು ಇದೇ ಮೊದಲು.

ಆದರೆ ನಿನಗೊಂದು ಮಾತು ಕೇಳುತ್ತೇನೆ. ಶಿವರಾತ್ರಿಗೆ ಬಂದಾಗ ಅವಳ ಸಕ್ಕರೆ ಬರೆದಿಡುವ ಆ ಪುಸ್ತಕ ನೋಡಿ, "ಮಂಗಳವಾರವೇ ಹೆಚ್ಚು, ಉಪವಾಸ ಮುರಿಯುತ್ತಿದ್ದಾಳೆ, ಉಗ್ರಾಣಕ್ಕೆ ಬೀಗ ಹಾಕಿ" ಎಂದವಳು ನೀನು. ಪೇಟೆಯಿಂದ ಬೀಗ ತಂದವಳು ನೀನು. ನಾನು ಹೇಳಿದೆ ಅನ್ನಬೇಡಿ ಎಂದವಳೂ ನೀನೇ. ನಾನು ಹೇಳಿಲ್ಲ. ಮೂವತ್ತೆರಡು ವರ್ಷ ಉಗ್ರಾಣದ ಕೀಲಿ ಸೊಂಟದಲ್ಲಿ ಇಟ್ಟುಕೊಂಡಿದ್ದವಳ ಮುಂದೆ ನಾನೇ ಬೀಗ ಜಡಿದೆ. ಈಗ ನೀನು ಲಿವರ್ ಅನ್ನುತ್ತೀಯ. ಯಾವ ಮಾತು ನಂಬಲಿ? ಅವ್ವನ ಮೇಲಿನ ಮರುಕಕ್ಕೆ ಹೀಗೆ ಬರೆದೆಯೋ ಏನೋ.

ಇಂತಿ
ನಿನ್ನ ಅಪ್ಪ


ಹೈದರಾಬಾದ್
6-10-2024

ಪೂಜ್ಯ ಅಪ್ಪನಿಗೆ,

ಅತ್ತಿಗೆಗೆ ಹೇಳಿ, ನಾವು ಯಾರ ಲಿವರನ್ನೂ ಮುಟ್ಟುವುದಿಲ್ಲ. ಆ ಕಿಣ್ವ ಮಾಡುವ ವಿಧಾನವನ್ನು ಬ್ಯಾಕ್ಟೀರಿಯಾಕ್ಕೆ ಕಲಿಸುತ್ತೇವೆ, ಅವು ಮನುಷ್ಯರದೇ ಕಿಣ್ವವನ್ನು ಮಾಡಿಕೊಡುತ್ತವೆ. ನನ್ನ ತಟ್ಟೆ ಬೇರೆ ಇಡಬೇಕಿಲ್ಲ.

ಅಪ್ಪ, ಹದಿನಾಲ್ಕನೆಯದು ಕೂತಿದೆ! ಶುಕ್ರವಾರ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ, ಆ ಸಂದಿಯಲ್ಲಿ ಒಂದು ಆಕಾರ ಕಾಣಿಸಿತು. ಸಣ್ಣದು, ಸ್ವಲ್ಪ ಮಸುಕು. ನಮ್ಮ ಹದಿನಾಲ್ಕನೆಯ ವಸ್ತುವನ್ನು ಅದರೊಳಗೆ ತಿರುಗಿಸಿ ತಿರುಗಿಸಿ ಕೂರಿಸಿದೆ. ಹೊಂದಿತು. ಒಂದು ತುದಿ ಸ್ವಲ್ಪ ಹೊರಗೆ ಉಳಿಯಿತು, ಅದು ಅಲುಗಾಡುವ ತುದಿ ಇರಬಹುದು. ನನ್ನ ಗೈಡ್ ಮೇಡಂ ಊರಿನಲ್ಲಿಲ್ಲ, ಮುಂದಿನ ತಿಂಗಳು ಬಂದ ಮೇಲೆ ತೋರಿಸುತ್ತೇನೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ಒಂದು ಗಂಟೆ ನಿದ್ದೆ ಮಾಡಿದೆ.

ಯಾವ ಮಾತು ನಂಬಲಿ ಎಂದು ಕೇಳಿದ್ದೀರಿ. ನನ್ನ ಮಾತೂ ಬೇಡ, ನಿಮ್ಮ ಮಾತೂ ಬೇಡ. ಅವ್ವ ಈಗ ಇರುವ ಮನೆಯಲ್ಲಿ ಉಗ್ರಾಣವಿಲ್ಲ, ಕೊಪ್ಪರಿಗೆ ಇಲ್ಲ. ಸೋಮವಾರ ಹೋಗಿ ಅಲ್ಲೇ ಇರಿ, ಮಂಗಳವಾರ ಬೆಳಿಗ್ಗೆ ನೋಡಿ. ನೀವೂ ಒಪ್ಪತ್ತು ಇದ್ದು ನಿಮ್ಮದನ್ನೂ ನೋಡಿಕೊಳ್ಳಿ. ಎರಡನ್ನೂ ಪಕ್ಕಪಕ್ಕ ಬರೆದು ಕಳಿಸಿ.

ಬೀಗದ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ
ಶಾಂಭವಿ


ಕೃಷ್ಣರಾಜನಗರ ತಾಲ್ಲೂಕು
20-11-2024

ಚಿ. ಶಾಂಭವಿಗೆ,

ನಿನ್ನ ಪತ್ರ ಬಂದು ತಿಂಗಳಾಯಿತು. ಹೋಗಲು ಕಾಲು ಏಳಲಿಲ್ಲ. ಮೊನ್ನೆ ಕಾರ್ತಿಕದ ಮೂರನೆಯ ಸೋಮವಾರ, ಮನಸ್ಸು ಗಟ್ಟಿ ಮಾಡಿ ಮಿಷಿನ್ನಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ.

ಬಾಗಿಲಲ್ಲೇ ಮಲ್ಲಾಜಮ್ಮ ಹಿಡಿದಳು. "ಏನ್ ಭಾವಾ, ಪೊಲೀಸ್ ಕೆಲ್ಸ ಯಾವಾಗ ಸಿಕ್ತು? ಯೂನಿಫಾರ್ಮು ಎಲ್ಲಿ?" ಅಂದಳು. ಅವಳು ಮೆಲ್ಲಗೆ ಮಾತಾಡಿದರೂ ನನಗೆ ಕೇಳಿಸುತ್ತದೆ, ಅದೊಂದು ಪುಣ್ಯ. "ನಂಗೂ ಶುಗರ್ರು ಕಣ್ ಭಾವ, ನಮ್ಮನೇಲಿ ಸಕ್ರೆ ಇಲ್ಲ, ಬೆಲ್ಲ ಇಲ್ಲ. ಡಬ್ಬ ಎಲ್ಲಾ ನೋಡ್ಕಳಿ ಬೇಕಾದ್ರೆ." ನಾನು ನಾಚಿಕೆಯಿಲ್ಲದೆ ಅಡುಗೆಮನೆಗೆ ಹೋಗಿ ಒಂದೊಂದೇ ಡಬ್ಬ ತೆಗೆದು ನೋಡಿದೆ. ನಿನ್ನ ಅವ್ವ ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಂಡೆವು, ಮುದ್ದೆ, ಸೊಪ್ಪಿನ ಸಾರು. ಆಮೇಲೆ ಅವಳು ಹೋದಲ್ಲೆಲ್ಲ ನಾನು ಹೋದೆ. ಅವಳು ಬಚ್ಚಲಿಗೆ ಹೋದರೆ ಹಿತ್ತಲ ಬಾಗಿಲಲ್ಲಿ ನಿಂತೆ. ಮಲಗುವಾಗ ಮಲ್ಲಾಜಮ್ಮ ಅವಳ ಪಕ್ಕ, ನಾನು ಪಡಸಾಲೆಯಲ್ಲಿ ಅಡುಗೆಮನೆ ಬಾಗಿಲಿಗೆ ಅಡ್ಡ. ಅರವತ್ತಾರು ವರ್ಷದ ಗಂಡಸು ಹೆಂಡತಿಯನ್ನು ಹೀಗೆ ಕಾದ ಎಂದು ಯಾರಿಗಾದರೂ ಹೇಳಿದರೆ ಉಗಿಯುತ್ತಾರೆ. ನಿನಗೆ ಹೇಳಲೇಬೇಕು, ಪುಸ್ತಕಕ್ಕೆ ಬೇಕಲ್ಲ.

ಮಂಗಳವಾರ ಬೆಳಿಗ್ಗೆ ಆರು ಗಂಟೆ. ನನ್ನದು ಎಂಬತ್ತೆಂಟು. ಅವಳದು ನೂರ ತೊಂಬತ್ತೊಂದು.

ಮಿಷಿನ್ನು ಕೆಟ್ಟಿರಬೇಕೆಂದು ಇನ್ನೊಂದು ಬೆರಳು ಕೇಳಿದೆ. ಕೊಟ್ಟಳು. ನೂರ ಎಂಬತ್ತೊಂಬತ್ತು. ಅವಳು ಬೆರಳು ಒರೆಸಿಕೊಂಡು ಪಾತ್ರೆ ಬೆಳಗಲು ಹೋದಳು. ನಾನು ಹಿಂದೆಯೇ ಹೋಗಿ ನಿಂತೆ. ತಪ್ಪಾಯಿತು ಅನ್ನಬೇಕಿತ್ತು. ಬಾಯಿಗೆ ಬಂದದ್ದು, "ಬಾ ಮನೆಗೋಗನ. ಪಾಕ ಕೆಟ್ಟೋಯ್ತಾ ಅದೆ."

"ಕಳ್ಳೀನ ಆಲೆಮನೆಗೆ ಯಾಕ್ ಕರೀತೀರಿ?" ಅಂದಳು. ಆಮೇಲೆ ಬೂದಿಯ ಕೈಯಲ್ಲೇ ನನ್ನ ಕಡೆ ತಿರುಗಿ, ನನಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಕೇಳಿದಳು. "ನಾಳೀಕೆ ಆ ಮಿಷಿನ್ನು ಬ್ಯಾರೆ ನಂಬರ್ ತೋರ್ಸುದ್ರೆ ನಾನ್ ಮತ್ತೆ ಕಳ್ಳಿ ಆಯ್ತೀನಿ, ಅಲ್ವಾ?"

ಮಿಷಿನ್ನಿನ ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಹತ್ತರ ಬಸ್ಸಿಗೆ ಬಂದೆ. ಈಗ ಹೇಳು, ನಾನೇನು ಮಾಡಲಿ?

ಅಪ್ಪ


ಹೈದರಾಬಾದ್
3-12-2024

ಅಪ್ಪ,

ಮೊದಲು ಮಾಡಬೇಕಾದದ್ದು: ಆ ಪುಸ್ತಕವನ್ನು ಡಾಕ್ಟರಿಗೆ ತೋರಿಸಿ. ಉಪವಾಸವಿದ್ದ ದಿನವೂ ಬೆಳಿಗ್ಗೆ ಇಷ್ಟಿದೆ ಎಂದು ಹೇಳಿ, ಉಪವಾಸ ಮುಂದುವರಿಸಬಹುದೇ ಎಂದೂ ಕೇಳಿ. ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ಇನ್ನು ನನ್ನ ವಿಷಯ. ಮೇಡಂ ಬಂದರು. ಹದಿನಾಲ್ಕನೆಯದನ್ನು ತೋರಿಸಿದೆ. ನೋಡಿ, "ನಿನ್ನ ವಸ್ತುವನ್ನು ತೆಗೆದುಬಿಟ್ಟು ಮತ್ತೆ ಲೆಕ್ಕ ಹಾಕು" ಎಂದರು, ಅಷ್ಟೇ.

ಎಕ್ಸ್-ರೇ ನಮಗೆ ಫೋಟೋ ಕೊಡುವುದಿಲ್ಲ ಅಪ್ಪ. ಒಂದು ಮಸುಕು ಆಕಾರ ಕೊಡುತ್ತದೆ. ಅದರೊಳಗೆ ಯಾವುದನ್ನು ಕೂರಿಸುವುದು ಎಂದು ನಾವೇ ತೀರ್ಮಾನಿಸಬೇಕು. ಒಮ್ಮೆ ಕೂರಿಸಿದ ಮೇಲೆ ಲೆಕ್ಕವೂ ನಮ್ಮ ಕಡೆಗೇ ಸ್ವಲ್ಪ ವಾಲುತ್ತದೆ, ಹೌದು ಅದೇ ಇರುವುದು ಎಂದು ತೋರಿಸುತ್ತಾ ಹೋಗುತ್ತದೆ. ಅದಕ್ಕೇ ತೆಗೆದು ನೋಡಬೇಕು. ನಿಜವಾಗಿ ಅಲ್ಲಿದ್ದರೆ ತೆಗೆದರೂ ಅದರ ಆಕಾರ ಹಾಗೇ ಕಾಣುತ್ತದೆ. ತೆಗೆದೆ. ಉಳಿದದ್ದು ಒಂದು ಉದ್ದನೆಯ ಎಳೆ. ಹರಳು ಬೆಳೆಯಲೆಂದು ನಾನೇ ಹಾಕಿದ ದ್ರಾವಣದ ಚೂರು. ಹದಿನಾಲ್ಕನೆಯದು ಅಲ್ಲಿ ಇರಲೇ ಇಲ್ಲ. ಹೊರಗೆ ಉಳಿದಿದ್ದ ಆ ತುದಿಯನ್ನು ನಾನು ಮೊದಲ ದಿನವೇ ನೋಡಿದ್ದೆ. ನೋಡಿಯೂ ಒಂದು ಸಬೂಬು ಹುಡುಕಿಕೊಂಡೆ.

ಆ ಸಂಜೆ ಹಾಸ್ಟೆಲಿಗೆ ಬಂದಾಗ ನಿಮ್ಮ ಪತ್ರ ಬಂದಿತ್ತು.

ಶಿವರಾತ್ರಿಯಲ್ಲಿ ನಾನು ನೋಡಿದ್ದೂ ಒಂದು ಮಸುಕು ಆಕಾರವೇ. ಮಂಗಳವಾರ ಸಕ್ಕರೆ ಹೆಚ್ಚು, ಇಷ್ಟೇ ಅಲ್ಲಿದ್ದದ್ದು. ಅದರೊಳಗೆ ನಾನು ಅವ್ವನ ಕೈಯನ್ನು ಕೂರಿಸಿದೆ, ಬೆಲ್ಲದ ಗಡಿಗೆಯನ್ನು ಕೂರಿಸಿದೆ. ಉಪವಾಸದಲ್ಲಿ ಲಿವರ್ ಏನು ಮಾಡುತ್ತದೆ ಎಂದು ನಾಲ್ಕು ವರ್ಷ ಓದಿದವಳು ನಾನು. ಊರಿನಲ್ಲಿ ಬೇರೆ ಯಾರಿಗೂ ಗೊತ್ತಿರದಿದ್ದರೆ ತಪ್ಪಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕ್ಷಣ ಹೊಳೆದದ್ದು ಅವ್ವ ಸುಳ್ಳು ಹೇಳುತ್ತಿದ್ದಾಳೆ ಎಂದು. ಹಾಗೇಕೆ ಹೊಳೆಯಿತು ಎಂದು ಹತ್ತು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ನಾಚಿಕೆಯಾಗುತ್ತದೆ.

ಬೀಗ ನನ್ನದು ಎಂದು ಅವ್ವನಿಗೆ ಹೇಳಿಬಿಡಿ. ನಿಮ್ಮ ಮೇಲಿನ ಕೋಪವಾದರೂ ಅರ್ಧ ಇಳಿಯಲಿ. ಆ ಇನ್ನೊಂದು ಕೀಲಿ ನನ್ನ ಹತ್ತಿರವೂ ಇಲ್ಲ. ಶಿವರಾತ್ರಿ ಮುಗಿಸಿ ಬಂದ ಮೇಲೆ ಬ್ಯಾಗೆಲ್ಲ ಹುಡುಕಿದೆ, ಎಲ್ಲೋ ಕಳೆದಿದೆ.

ಶಾಂಭವಿ


ಕೃಷ್ಣರಾಜನಗರ ತಾಲ್ಲೂಕು
16-12-2024

ಚಿ. ಶಾಂಭವಿಗೆ,

ನಾನು ಹೇಳುವುದಿಲ್ಲ. ಗಂಡ ಹೀಗಂದ ಎನ್ನುವುದನ್ನು ಅವಳು ತಡೆದುಕೊಂಡಾಳು, ನನ್ನ ಬಾಯಿ ಅವಳಿಗೆ ಹೊಸದಲ್ಲ. ಮಗಳು ಹೀಗಂದಳು ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಬೀಗ ನನ್ನ ತಲೆಯ ಮೇಲೇ ಇರಲಿ ಬುಡು. ಹೇಳಲೇಬೇಕೆಂದಿದ್ದರೆ ನೀನೇ ಬರೆ.

ಡಾಕ್ಟರ ಹತ್ತಿರ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಆಕೆಯನ್ನು ಕರೆದುಕೊಂಡು ಬನ್ನಿ, ಪುಸ್ತಕಕ್ಕೆ ಮಾತ್ರೆ ಬರೆಯಲು ಆಗುವುದಿಲ್ಲ ಎಂದರು. ಸರಿಯಾಗಿಯೇ ಹೇಳಿದರು.

ಹದಿನಾಲ್ಕು ಹೋದರೆ ಹೋಗಲಿ. ಮೂರು ಕೊಪ್ಪರಿಗೆ ಪಾಕ ಕೆಟ್ಟ ದಿನವೂ ನಾನು ನಾಲ್ಕನೆಯದಕ್ಕೆ ಒಲೆ ಹಚ್ಚಿಸಿದ್ದೇನೆ. ಹೊತ್ತು ಹೊತ್ತಿಗೆ ಊಟ ಮಾಡು.

ಅಪ್ಪ


ಹೈದರಾಬಾದ್
29-12-2024

ಅವ್ವನಿಗೆ ಶಾಂಭವಿಯ ನಮಸ್ಕಾರ.

ವಾರಕ್ಕೆ ಮೂರು ಸಲ ನಿನ್ನ ಹತ್ತಿರ ಫೋನಿನಲ್ಲಿ ಮಾತಾಡುತ್ತೇನೆ. ಊಟ ಆಯಿತಾ, ಚಳಿ ಇದೆಯಾ, ಚಿಕ್ಕಮ್ಮ ಹೇಗಿದ್ದಾಳೆ. ಪ್ರತಿ ಸಲವೂ ಈ ಮಾತು ಹೇಳದೆಯೇ ಫೋನು ಇಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ. ಈ ಪತ್ರ ನಿನ್ನ ಕೈ ಸೇರುವವರೆಗೆ ಫೋನು ಮಾಡುವುದಿಲ್ಲ.

ಉಗ್ರಾಣಕ್ಕೆ ಬೀಗ ಹಾಕಿಸಿದವಳು ನಾನು, ಅಪ್ಪ ಅಲ್ಲ. ಶಿವರಾತ್ರಿಗೆ ಬಂದಾಗ ಪುಸ್ತಕ ನೋಡಿ ನಾನೇ ಹೇಳಿದೆ. ಬೀಗವನ್ನು ನಾನೇ ತಂದೆ. ನಾನು ಹೇಳಿದ್ದೆಂದು ಹೇಳಬೇಡಿ ಎಂದು ಅಪ್ಪನ ಬಾಯಿಗೂ ಬೀಗ ಹಾಕಿದೆ. ಆಲೆಮನೆಯಲ್ಲಿ ಅಪ್ಪ ಅಂದ ಮಾತು ಕೆಟ್ಟದ್ದು, ಆದರೆ ಅದನ್ನು ಅವರ ತಲೆಯೊಳಗೆ ಇಟ್ಟವಳು ನಾನು.

ನೀನು ತಿಂದಿಲ್ಲ ಅವ್ವ. ನಿನ್ನ ಲಿವರ್ ರಾತ್ರಿಯೆಲ್ಲ ಸಕ್ಕರೆ ಮಾಡುತ್ತಿತ್ತು. ನೀನು ಹೆಚ್ಚು ಹೊತ್ತು ಉಪವಾಸವಿದ್ದರೆ ಅದು ಇನ್ನೂ ಹೆಚ್ಚು ಮಾಡುತ್ತದೆ. ಶಿವನಿಗೆಂದು ನೀನು ಬಿಟ್ಟ ಊಟವನ್ನೇ ನಾವು ನಿನ್ನ ಕಳ್ಳತನ ಅಂದೆವು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೇನೆ, ಬರೆದೂ ಇದ್ದೇನೆ, ಪರೀಕ್ಷೆಯಲ್ಲಿ ಅಂಕವನ್ನೂ ತೆಗೆದುಕೊಂಡಿದ್ದೇನೆ. ನಿನಗೆ ಮಾತ್ರ ಹೇಳಲಿಲ್ಲ.

ಇಲ್ಲಿ ಕೆಲಸ ಸಾಗುತ್ತಿಲ್ಲ. ಈಗ ಹದಿನೇಳನೆಯದು ನೆನೆಸಿದ್ದೇನೆ. ಕೂತರೆ ಕೂತಿತು. ನನ್ನ ಕೈಯಲ್ಲಿ ಮದ್ದು ಆಗುತ್ತದೆ, ನಿನಗೇ ಮೊದಲು ಕೊಡುತ್ತೇನೆ ಎಂದು ಸೇರಿದ ವರ್ಷ ಹೇಳಿದ್ದೆ, ನೆನಪಿದೆಯಾ? ಅಂಥ ಮಾತು ಇನ್ನು ಆಡುವುದಿಲ್ಲ.

ತಪ್ಪಾಯಿತು. ಮನೆಗೆ ಹೋಗು ಎಂದು ಹೇಳುವ ಮುಖ ನನಗಿಲ್ಲ.

ನಿನ್ನ
ಶಾಂಭವಿ


ಆಲೆಮನೆ, ಕೃಷ್ಣರಾಜನಗರ ತಾಲ್ಲೂಕು
17-1-2025

ಮಗಳು ಶಾಂಭವಿಗೆ ಅವ್ವನ ಆಶೀರ್ವಾದ.

ಕೊಪ್ಪರಿಗೆ ಕುದಿಯಲು ಇನ್ನೂ ಹೊತ್ತಿದೆ, ಅದಕ್ಕೇ ಇಲ್ಲೇ ಕೂತು ಬರೆಯುತ್ತಿದ್ದೇನೆ. ಏಳನೆಯ ಕ್ಲಾಸಿನ ಬರಹ, ನಿಧಾನವಾಗಿ ಓದಿಕೋ.

ನಿನ್ನ ಅಪ್ಪ ಹಬ್ಬಕ್ಕೆ ಐದು ದಿನ ಇರುವಾಗ ಮತ್ತೆ ಬಿಳಿಕೆರೆಗೆ ಬಂದರು. ಈ ಸಲ ಮಿಷಿನ್ನು ತಂದಿರಲಿಲ್ಲ. ಕರ್ಚೀಫಿನಲ್ಲಿ ಒಂದು ಅಚ್ಚು ಬೆಲ್ಲ ಕಟ್ಟಿಕೊಂಡು ಬಂದಿದ್ದರು. ನನ್ನ ಮುಂದೆ ಇಟ್ಟು, "ಏನಾಗೈತೆ ನೋಡು, ನಂಗ್ ಗೊತ್ತಾಯ್ತಾ ಇಲ್ಲ" ಅಂದರು. ಮುರಿದು ನೋಡಿದೆ, ಮೂಸಿದೆ. ಸುಣ್ಣ ಜಾಸ್ತಿ, ಬೆಂಡೆ ಲೋಳೆ ಕಡಿಮೆ, ಅಂದೆ. ಬಾಯಿಗೆ ಹಾಕಿಕೊಳ್ಳಲಿಲ್ಲ. ಯಾವತ್ತೂ ಹಾಕಿಕೊಂಡಿಲ್ಲ. ಅವರು ಕಣ್ಣು ಒರೆಸಿಕೊಂಡು, "ನೀನ್ ತಿಂದಿಲ್ಲ ಕಣೆ, ನಂದೇ ತಪ್ಪು" ಅಂದರು. ಮಲ್ಲಾಜಮ್ಮ ಪಕ್ಕದ ಮನೆಯವರನ್ನೂ ಸಾಕ್ಷಿಗೆ ಕರೆದಳು. ಮಾರನೆಯ ದಿನ ಹೊರಟು ಬಂದೆ.

ಡಾಕ್ಟರು ಮಾತ್ರೆ ಬದಲಿಸಿದ್ದಾರೆ. ಒಪ್ಪತ್ತು ಬೇಡ ಅಂದರು, ಸ್ವಲ್ಪ ಸ್ವಲ್ಪ ಉಣ್ಣಬೇಕಂತೆ. ನಲವತ್ತು ವರ್ಷದ ವ್ರತ ಬಿಡುವಾಗ ಅಳು ಬಂತು. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಿದೆ, ನಾನು ತಿನ್ನಲಿಲ್ಲ. ಹಾಗಂತ ನಾನೇನು ದೊಡ್ಡ ಶರಣೆ ಅಲ್ಲ. ಬಿಳಿಕೆರೆಗೆ ಹೋದ ವಾರ, ಎದುರು ಮನೆಯ ಸೀಮಂತದಲ್ಲಿ ಕೋಪಕ್ಕೆ ಎರಡು ಒಬ್ಬಟ್ಟು ತಿಂದೆ. ರುಚಿ ಹತ್ತಲಿಲ್ಲ. ಅದನ್ನೂ ನಿನ್ನ ಪುಸ್ತಕದಲ್ಲಿ ಬರೆದುಕೋ.

ನಿನ್ನ ಪತ್ರ ಓದಿದೆ. ಲಿವರ್ ವಿಷಯ ಅರ್ಥವಾಯಿತು, ಚೆನ್ನಾಗಿ ಬರೆದಿದ್ದೀಯ. ಆದರೆ ನಾನು ತಿಂದಿಲ್ಲ ಎಂದು ನಾನೂ ಹೇಳಿದ್ದೆ ಶಾಂಭವಿ. ನಿಮ್ಮಪ್ಪನಿಗೆ ಹೇಳಿದ್ದೆ, ಬೃಂದಾಳಿಗೆ ಹೇಳಿದ್ದೆ, ಶಿವರಾತ್ರಿಯ ಮಾರನೆಯ ದಿನ ನಿನಗೂ ಹೇಳಿದ್ದೆ. ನೀನು ಮೊಬೈಲ್ ನೋಡುತ್ತಾ "ಹೂಂ ಅವ್ವ" ಅಂದೆ. ನಾನು ಹೇಳಿದರೆ ನಂಬಲಿಲ್ಲ, ಲಿವರ್ ಹೇಳಿದರೆ ನಂಬಿದಿರಿ. ಅದೇ ನನಗೆ ನುಂಗಲು ಆಗುತ್ತಿಲ್ಲ. ಅದಕ್ಕೆ ಕೋಪ ಇದೆ. ಇನ್ನೂ ಸ್ವಲ್ಪ ದಿನ ಇರುತ್ತದೆ. ಅದಕ್ಕಾಗಿ ನೀನು ಊಟ ಬಿಡಬೇಡ.

ಬೀಗ ನಿನ್ನದು ಎಂದು ನನಗೆ ಗೊತ್ತಿತ್ತು. ನೀನು ಹೊರಡುವ ಹಿಂದಿನ ದಿನ ನಿನ್ನ ಚೂಡಿದಾರ ಒಗೆಯುವಾಗ ಜೇಬಿನಲ್ಲಿ ಈ ಕೀಲಿ ಸಿಕ್ಕಿತು. ಉಗ್ರಾಣಕ್ಕೆ ಹಾಕಿ ನೋಡಿದೆ, ತಿರುಗಿತು. ಬಾಗಿಲು ತೆಗೆಯದೆ ಹಾಗೇ ಮತ್ತೆ ತಿರುಗಿಸಿದೆ. ಆವತ್ತಿನಿಂದ ಬಿಳಿಕೆರೆಗೆ ಹೋಗುವವರೆಗೂ ಅದು ನನ್ನ ಸೊಂಟದಲ್ಲೇ ಇತ್ತು. ನಾಲ್ಕು ತಿಂಗಳು, ಒಂದು ದಿನವೂ ಆ ಬಾಗಿಲು ತೆಗೆಯಲಿಲ್ಲ. ನಿನ್ನ ಅಪ್ಪನಿಗೆ ಈಗಲೂ ಇದು ಗೊತ್ತಿಲ್ಲ.

ಅವರು ಮೊನ್ನೆ ಬೀಗ ಒಡೆದು ಹಾಕಲು ಸುತ್ತಿಗೆ ಹಿಡಿದು ನಿಂತಿದ್ದರು. ಬೇಡ ಅಂದೆ. ಅಡುಗೆಗೆ ಬೇಕಾದ್ದನ್ನೆಲ್ಲ ಹೊರಗೆ ಇಟ್ಟುಕೊಂಡು ಮತ್ತೆ ಹಾಕಿಸಿದ್ದೇನೆ. ಕೀಲಿ ಈ ಕವರಿನಲ್ಲಿದೆ. ಹದಿನೇಳನೆಯದು ಕೂರಲಿ, ಕೂರದೆ ಹೋಗಲಿ, ಈ ಶಿವರಾತ್ರಿಗೆ ಬಾ. ನೀನು ಹಾಕಿಸಿದ್ದು, ನೀನೇ ತೆಗೆ.

ಚೆಲುವಯ್ಯ ಕೂಗುತ್ತಿದ್ದಾನೆ, ಪಾಕ ಬಂತಂತೆ. ಹೋಗಿ ನೋಡಬೇಕು.

ನಿನ್ನ ಅವ್ವ
ಪ್ರೇಮಮ್ಮ